ನಿಂತು ಹಳತಾದ ಬಸ್ಸು: ಶಾಲೆಯ ಮಿನಿ ಬಸ್ಸೊಂದನ್ನು ಕೊಂಡು ಶಿರಾಡಿ ಹತ್ತಿಸಿದ ಮೇಲಿನ ವಿಮರ್ಶೆ

ಓಡಿ ಹಳತಾದ ಬಸ್ಸು ಬೇರೆ, ನಿಂತು ಹಳತಾದ ಬಸ್ಸು ಬೇರೆ. ಹಳೆಯ ವಾಹನಗಳನ್ನು ಮಾರುವ ಯಾರ್ಡಿನಲ್ಲಿ ಗಿರಾಕಿಗೆ ಮೊದಲು ತೋರಿಸುವುದು ಕಿಲೋಮೀಟರ್ ಮೀಟರನ್ನು. ಶಾಲೆಯ ಬಸ್ಸಾದರೆ ಆ ಅಂಕಿ ಸಹಜವಾಗಿಯೇ ಚಿಕ್ಕದಿರುತ್ತದೆ ಮತ್ತು ಅದನ್ನೇ ದೊಡ್ಡ ಗುಣವೆಂದು ಹೇಳಿ ಬೆಲೆ ಏರಿಸುತ್ತಾರೆ. ಹಾಸನ ಜಿಲ್ಲೆಯ ನಮ್ಮ ಕೂಡು ಕುಟುಂಬ ಮಂಗಳೂರಿನ ಹೊರವಲಯದ ಯಾರ್ಡೊಂದರಿಂದ 2013ರ ಮಾದರಿಯ, 25 ಸೀಟುಗಳ ಶಾಲಾ ಮಿನಿ ಬಸ್ಸನ್ನು ಕೊಂಡು, ಶಿರಾಡಿ ಘಾಟಿಯ ಮೂಲಕ ಮನೆಗೆ ತಂದು, ಈಗ ಬಳಸುತ್ತಿರುವುದರಿಂದ ಆ ಚಿಕ್ಕ ಅಂಕಿಯ ನಿಜವಾದ ಬೆಲೆ ಎಷ್ಟೆಂಬುದನ್ನು ಬರೆಯಬಹುದು ಎನಿಸಿತು. ಬಸ್ಸು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಯಾರ್ಡಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಕೆಳಗೆ ಬರುವ ದೋಷಗಳಲ್ಲಿ ಹೆಚ್ಚಿನವು ಯಾವ ಕಂಪನಿಯ ಬಸ್ಸನ್ನಾದರೂ ಕರಾವಳಿಯ ಮಳೆಯಲ್ಲಿ ಬಹುಕಾಲ ನಿಲ್ಲಿಸಿದರೆ ಬರುವಂಥವೇ.

ಬಸ್ಸೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮೂವರು ಅಣ್ಣತಮ್ಮಂದಿರ ಸಂಸಾರ, ತಂದೆ ತಾಯಿ, ಮಕ್ಕಳು ಎಲ್ಲ ಸೇರಿ ಮನೆಯಲ್ಲಿ 14 ಜನರಿದ್ದೇವೆ. ಮದುವೆಗಾಗಲಿ, ಧರ್ಮಸ್ಥಳಕ್ಕಾಗಲಿ ಹೊರಟರೆ ಎರಡು ಕಾರು ಸಾಲುವುದಿಲ್ಲ. ಬಾಡಿಗೆಯ ವ್ಯಾನು ಲಗ್ನದ ದಿನಗಳಲ್ಲಿ ಸಿಗುವುದಿಲ್ಲ. ಸಾರಿಗೆ ಸಂಸ್ಥೆಯ ಹಳೆಯ ಬಸ್ಸನ್ನು ಹರಾಜಿನಲ್ಲಿ ಹಿಡಿಯಬಹುದಲ್ಲ ಎಂದು ಹಲವರು ಸೂಚಿಸಿದರು. ಆದರೆ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ, ಸಾರಿಗೆ ನಿಗಮಗಳ ಬಸ್ಸುಗಳೂ ಆ ನಿಯಮದೊಳಗೇ ಬರುತ್ತವೆ. ಅಂಥವು ಗುಜರಿಗೆ ಹೋಗುತ್ತವೆಯೇ ಹೊರತು ರಸ್ತೆಗೆ ಮರಳುವುದಿಲ್ಲ. ಅಲ್ಲದೆ ಅಷ್ಟುದ್ದದ ಬಸ್ಸು ನಮ್ಮೂರಿನ ಕೆರೆ ಏರಿಯ ತಿರುವಿನಲ್ಲಿ ತಿರುಗುವುದೂ ಇಲ್ಲ.

ಶಾಲಾ ಬಸ್ಸುಗಳು ಮಾರುಕಟ್ಟೆಯಲ್ಲಿ ಸಿಗುವುದಕ್ಕೆ ಎರಡು ಕಾರಣಗಳಿವೆ. ಎಂಟು ವರ್ಷ ತುಂಬಿದ ಸಾರಿಗೆ ವರ್ಗದ ವಾಹನಕ್ಕೆ ಪ್ರತಿ ವರ್ಷವೂ ಅರ್ಹತಾ ಪತ್ರ, ಅಂದರೆ ಎಲ್ಲರೂ ಹೇಳುವ ಎಫ್.ಸಿ., ಮಾಡಿಸಬೇಕಾಗುತ್ತದೆ, ಆ ಹೊತ್ತಿಗೆ ಸಂಸ್ಥೆಗಳು ಹೊಸ ಬಸ್ಸಿನತ್ತ ನೋಡತೊಡಗುತ್ತವೆ. ಎರಡನೆಯದು, 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಬಸ್ಸುಗಳು ಮೈದಾನಗಳಲ್ಲಿ ಸಾಲಾಗಿ ನಿಂತುಬಿಟ್ಟವು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಗಾಳಿಯಲ್ಲಿ ಸದಾ ಉಪ್ಪಿರುವ ಕರಾವಳಿಯಲ್ಲಿ ಹೀಗೆ ಎರಡು ಮಳೆಗಾಲ ನಿಂತ ಬಸ್ಸಿನ ಮೀಟರು ಒಂದು ಅಂಕಿಯೂ ಮುಂದೆ ಹೋಗಿರುವುದಿಲ್ಲ, ಆದರೆ ಅದರ ರಬ್ಬರು, ತಗಡು, ಬ್ರೇಕು ಮಾತ್ರ ಅಷ್ಟೂ ಕಾಲ ಹಾಳಾಗುತ್ತಲೇ ಇರುತ್ತವೆ. ನಾವು ಕೊಂಡ ಬಸ್ಸು ಅಂಥದ್ದೇ. ಆ ಕಾಲದ ನಂತರವೂ ಅದು ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಸಣ್ಣ ಸುತ್ತು ಬಿಟ್ಟರೆ ಮರದ ಕೆಳಗೇ ನಿಂತಿತ್ತೆಂದು ಅದರ ಹಳೆಯ ಚಾಲಕರು ತಿಳಿಸಿದರು. ಪ್ರವಾಸಿ ಬಸ್ಸೊಂದು ನಾಲ್ಕು ಪಟ್ಟು ಹೆಚ್ಚು ಓಡಿರಬಹುದು. ಆದರೆ ಒಂದು ದಿನ ನಿಂತರೂ ಮಾಲೀಕನಿಗೆ ನಷ್ಟವಾದ್ದರಿಂದ ಅದರ ಹೋಸ್ ಪೈಪು, ಬೆಲ್ಟು, ಬ್ಯಾಟರಿ, ಟೈರು ಎಲ್ಲವೂ ಕಾಲಕಾಲಕ್ಕೆ ಬದಲಾಗಿರುತ್ತವೆ.

ಟೈರುಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಯಾರ್ಡಿನವರು ಟೈರಿನ ಪಟ್ಟೆಗಳಿಗೆ ಬೆರಳು ಹಾಕಿ ತೋರಿಸಿ ಮುಕ್ಕಾಲು ಪಾಲು ಉಳಿದಿದೆ ಎಂದರು, ಅದು ಸುಳ್ಳಾಗಿರಲಿಲ್ಲ. ಆದರೆ ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಬೇಕು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಅಂದರೆ 2315 ಎಂದಿದ್ದರೆ ಅದು 2015ರ 23ನೆಯ ವಾರದಲ್ಲಿ ತಯಾರಾದದ್ದು. ಈ ಬಸ್ಸಿನ ಹಿಂಭಾಗದ ಜೋಡಿ ಚಕ್ರಗಳಲ್ಲಿ ಹೊರಗಿನವು ಸಾಕಷ್ಟು ಹೊಸವು, ಒಳಗಿನವು ಬಸ್ಸಿನಷ್ಟೇ ಹಳೆಯವು, ಪಟ್ಟೆಗಳ ಬುಡದಲ್ಲಿ ಸಣ್ಣ ಬಿರುಕುಗಳು. ಒಳಗಿನ ಟೈರನ್ನು ನೋಡಬೇಕಾದರೆ ನೆಲಕ್ಕೆ ಬೆನ್ನು ಹಚ್ಚಿ ಮಲಗಬೇಕು, ಟಾರ್ಚು ಬೇಕು, ಮಾರಾಟಗಾರನ ಅಸಹನೆಯನ್ನು ಸಹಿಸುವ ತಾಳ್ಮೆಯೂ ಬೇಕು. ಮುಂದಿನ ಎರಡು ಮತ್ತು ಹಿಂದಿನ ಒಳಗಿನ ಎರಡನ್ನು ಬದಲಾಯಿಸದೆ ಘಾಟಿಗೆ ಹೋಗುವುದಿಲ್ಲವೆಂದು ಹಾಸನದಿಂದ ನಮ್ಮೊಂದಿಗೆ ಬಂದಿದ್ದ ಮೇಸ್ತ್ರಿ ಹಠ ಹಿಡಿದರು. ಮೇಸ್ತ್ರಿಯೊಬ್ಬರನ್ನು ಸ್ವಂತ ಖರ್ಚಿನಲ್ಲಿ ಕರೆದೊಯ್ಯುವುದು ಇಂಥ ಖರೀದಿಯಲ್ಲಿ ಅತ್ಯಂತ ಅಗ್ಗದ ವಿಮೆಯೆಂದು ನನ್ನ ಅಭಿಪ್ರಾಯ. ಯಾರ್ಡಿನವರೇ ಒದಗಿಸುವ ಮೇಸ್ತ್ರಿಯ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಲೆಕ್ಕಕ್ಕೆ ಹಿಡಿಯಬಾರದು.

ಬ್ರೇಕಿನ ಕಥೆಯೂ ಇದೇ ಜಾತಿಯದು. ಬಹಳ ದಿನ ನಿಂತ ವಾಹನದ ಡ್ರಮ್ಮುಗಳಲ್ಲಿ ತುಕ್ಕು ಹಿಡಿದು ಲೈನರು ಅಂಟಿಕೊಳ್ಳುತ್ತದೆ, ಚಕ್ರದ ಸಿಲಿಂಡರುಗಳ ರಬ್ಬರು ಗಟ್ಟಿಯಾಗುತ್ತದೆ, ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಬೇಗ ಕುದಿಯುವಂತಾಗುತ್ತದೆ. ಯಾರ್ಡಿನ ಸುತ್ತ ಒಂದು ಸುತ್ತು ಓಡಿಸಿದರೆ ಇದಾವುದೂ ಗೊತ್ತಾಗುವುದಿಲ್ಲ. ಮೇಸ್ತ್ರಿ ಮಾಡಿದ ಪರೀಕ್ಷೆ ಹೀಗಿತ್ತು: ಕೆಲವು ಕಿಲೋಮೀಟರು ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಡ್ರಮ್ಮುಗಳ ಬಳಿ ಅಂಗೈ ಹಿಡಿದು ನೋಡಿದರು. ಮೂರು ಬೆಚ್ಚಗಿದ್ದವು, ಹಿಂಭಾಗದ ಎಡಗಡೆಯದು ಕೈ ಹಿಡಿಯಲಾಗದಷ್ಟು ಸುಡುತ್ತಿತ್ತು. ಅಂದರೆ ಆ ಚಕ್ರದ ಬ್ರೇಕು ಹಿಡಿದುಕೊಂಡೇ ಓಡುತ್ತಿತ್ತು. ಈ ಒಂದು ಸಂಗತಿಯ ಆಧಾರದಲ್ಲಿ ಬೆಲೆಯನ್ನು ಇಳಿಸಲು ಸಾಧ್ಯವಾಯಿತು, ಬ್ರೇಕುಗಳನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ಕೆಲಸವನ್ನೂ ಹೊರಡುವ ಮೊದಲೇ ಮಂಗಳೂರಿನಲ್ಲಿ ಮುಗಿಸಿಕೊಂಡೆವು.

ತುಕ್ಕನ್ನು ಪತ್ತೆ ಮಾಡುವುದು ಇವೆಲ್ಲಕ್ಕಿಂತ ಕಷ್ಟ, ಏಕೆಂದರೆ ಹೊಸ ಹಳದಿ ಬಣ್ಣ ಅದನ್ನು ಬಹಳ ಚೆನ್ನಾಗಿ ಮುಚ್ಚುತ್ತದೆ. ಬಾಗಿಲ ಮೆಟ್ಟಿಲಿನ ಕೆಳಭಾಗ, ಚಕ್ರಗಳ ಮೇಲಿನ ಕಮಾನು, ಕಿಟಕಿಯ ಕೆಳಗಿನ ಪಟ್ಟಿ, ಫ್ಲೋರಿನ ಹಲಗೆಯನ್ನು ಹೊತ್ತ ಕಬ್ಬಿಣದ ಆಂಗಲ್‌ಗಳು, ಇವನ್ನು ಕಣ್ಣಿನಿಂದಲ್ಲ, ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ನಮ್ಮ ಬಸ್ಸಿನ ಚಾಸಿ ಗಟ್ಟಿಯಾಗಿತ್ತು. ಹಿಂಬಾಗಿಲ ಬಳಿ ಫ್ಲೋರಿನ ಒಂದು ಭಾಗ ಮಾತ್ರ ನೆನೆಸಿಟ್ಟ ರೊಟ್ಟಿಯಂತೆ ಮೆತ್ತಗಾಗಿತ್ತು, ಅದರ ಮೇಲೆ ಹೊಸ ಮ್ಯಾಟು ಹಾಸಿದ್ದರು. ಚಾಸಿಯಲ್ಲೇ ತುಕ್ಕಿದ್ದರೆ ಯಾವ ಬೆಲೆಗೂ ಕೊಳ್ಳಬಾರದು, ಹಲಗೆಯಲ್ಲಿದ್ದರೆ ಬದಲಾಯಿಸಿಕೊಳ್ಳಬಹುದು.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಈ ಖರೀದಿಯಲ್ಲಿ ನೆಮ್ಮದಿ ಕೊಟ್ಟ ಭಾಗವೇ ಅದು. ಬಿ.ಎಸ್. 3 ಎಂಬ ಹೊಗೆ ಮಿತಿಯ ನಿಯಮದ ಕಾಲದ್ದಾದ್ದರಿಂದ ಪಂಪು, ನಾಜಲ್ ಎಲ್ಲವೂ ಯಾಂತ್ರಿಕ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ವಾಹನಗಳಂತೆ ಕಂಪ್ಯೂಟರ್ ಹಚ್ಚಿ ನೋಡುವ ಅಗತ್ಯವಿಲ್ಲ, ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲಾದರೂ ಕೆಲಸ ಆಗುತ್ತದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಮತ್ತು ಕೆಸರು ಸೇರಿತ್ತು. ಟ್ಯಾಂಕು ತೊಳೆಸಿ ಫಿಲ್ಟರು ಬದಲಾಯಿಸಿದ ಮೇಲೆ ತೊಂದರೆ ಕೊಟ್ಟಿಲ್ಲ. ಲೀಟರಿಗೆ ಏಳೆಂಟು ಕಿಲೋಮೀಟರು ಕೊಡುತ್ತದೆ.

ಯಾರ್ಡಿನ ಸೇವೆಯನ್ನು ಅಳೆಯುವುದು ಕಾಗದಪತ್ರಗಳಿಂದ. ಈ ವಿಷಯದಲ್ಲಿ ಅವರಿಗೆ ಒಳ್ಳೆಯ ಅಂಕ ಕೊಡಬೇಕು. ಒಂದೆರಡು ಕಡೆ ಕಳೆಯಲೂಬೇಕು. ಬಸ್ಸು ವ್ಯಕ್ತಿಯೊಬ್ಬರ ಹೆಸರಿನಲ್ಲಿರಲಿಲ್ಲ, ಶಿಕ್ಷಣ ಟ್ರಸ್ಟೊಂದರ ಹೆಸರಿನಲ್ಲಿತ್ತು. ಇಂಥಲ್ಲಿ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಯಾರೋ ಒಬ್ಬರು ಸಹಿ ಹಾಕಿ ಮೊಹರು ಒತ್ತಿದರೆ ಸಾಲದು. ಬಸ್ಸನ್ನು ಮಾರಲು ಟ್ರಸ್ಟು ಅಂಗೀಕರಿಸಿದ ನಿರ್ಣಯದ ಪ್ರತಿ ಮತ್ತು ಸಹಿ ಮಾಡುವವರಿಗೆ ಕೊಟ್ಟ ಅಧಿಕಾರದ ಪತ್ರ ಎರಡನ್ನೂ ಕೇಳಿ ಪಡೆಯಬೇಕು. ಯಾರ್ಡಿನವರು ಇದನ್ನು ನಾವು ಕೇಳುವ ಮೊದಲೇ ತಂದಿಟ್ಟಿದ್ದರು. ಬ್ಯಾಂಕಿನ ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಅದರ ಉಲ್ಲೇಖ ಇನ್ನೂ ಉಳಿದಿತ್ತು. ಸಾಲ ತೀರಿದ್ದನ್ನು ತಿಳಿಸುವ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಸಲ್ಲಿಕೆಯಾಗಿ ಅದು ತೆಗೆದುಹೋಗುವವರೆಗೆ ನಾವು ಮುಂಗಡ ಬಿಟ್ಟು ಉಳಿದ ಹಣ ಕೊಡಲಿಲ್ಲ. ವಾಹನಗಳ ದಾಖಲೆ ತೋರಿಸುವ ಸರ್ಕಾರಿ ಪರಿವಾಹನ್ ಜಾಲತಾಣದಲ್ಲಿ ತೆರಿಗೆ, ವಿಮೆ, ಎಫ್.ಸಿ. ಮೂರರ ಅವಧಿಯನ್ನೂ, ಬಾಕಿ ದಂಡಗಳನ್ನೂ ನಾವೇ ನೋಡಿಕೊಂಡೆವು. ಮುಗಿದುಹೋಗಿದ್ದ ಎಫ್.ಸಿ.ಯನ್ನು ಮಾರಾಟಕ್ಕೆ ಮೊದಲು ಟ್ರಸ್ಟಿನ ಹೆಸರಿನಲ್ಲೇ ಮಾಡಿಸಿಕೊಡುವಂತೆ ಒಪ್ಪಿಸಿದ್ದು ಇಡೀ ವ್ಯವಹಾರದ ಬಹುಮುಖ್ಯ ಷರತ್ತಾಗಿತ್ತು, ಏಕೆಂದರೆ ಎಫ್.ಸಿ. ಇಲ್ಲದ ಸಾರಿಗೆ ವಾಹನವನ್ನು ಕಾನೂನು ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ.

ಅಂಕ ಕಳೆದದ್ದು ಎಲ್ಲಿ ಎಂದರೆ, ಮಾಲೀಕತ್ವದ ವರ್ಗಾವಣೆಯನ್ನು ನಿಧಾನವಾಗಿ ಮಾಡಿಕೊಳ್ಳಿ, ಅವಸರವೇನಿಲ್ಲ ಎಂದು ಅವರು ಕೊಟ್ಟ ಸಲಹೆಯಲ್ಲಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೆಯ ಕಲಂ ಹೇಳುತ್ತದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೂ ಅಷ್ಟೇ ಅವಧಿ. ಮೂರನೆಯವರಿಗಾಗುವ ಹಾನಿಯ ವಿಮೆ ವಾಹನದ ಜೊತೆಗೇ ಬಂದಂತೆ ಕಾನೂನು ಭಾವಿಸುತ್ತದೆ, ಆದರೆ ನಮ್ಮ ಬಸ್ಸಿಗೇ ಆಗುವ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲ. ಮಂಗಳೂರಿನ ಕೆ.ಎ. 19 ಸಂಖ್ಯೆ ಹಾಸನಕ್ಕೆ ಬಂದರೂ ಬದಲಾಗಬೇಕಿಲ್ಲ. ಪಕ್ಕದ ಕಾಸರಗೋಡಿನ ಬಸ್ಸುಗಳು ಅಗ್ಗವಾಗಿ ಕಂಡವು. ನಿರಾಕ್ಷೇಪಣಾ ಪತ್ರ, ನಮ್ಮ ರಾಜ್ಯದ ತೆರಿಗೆ, 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಹೊಸ ನೋಂದಣಿ, ಇಷ್ಟನ್ನು ಲೆಕ್ಕ ಹಾಕಿದರೆ ಆ ಅಗ್ಗ ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾರ್ಡಿನವರು ಹೇಳಲೇ ಇಲ್ಲ. ಶಿಕ್ಷಣ ಸಂಸ್ಥೆಯ ಬಸ್ಸು ಕಾನೂನಿನಲ್ಲಿ ಸಾರಿಗೆ ವಾಹನ. ಅದರ ಮಾಲೀಕತ್ವ ಒಂದು ಕುಟುಂಬಕ್ಕೆ ಬಂದ ಮೇಲೆ ಸ್ವಂತ ಬಳಕೆಯ ಓಮ್ನಿ ಬಸ್ಸು ಎಂಬ ವರ್ಗಕ್ಕೆ ಅದನ್ನು ಬದಲಾಯಿಸಬೇಕು, ತೆರಿಗೆಯ ವ್ಯತ್ಯಾಸ ಕಟ್ಟಬೇಕು, ಹಳದಿ ಫಲಕ ಹೋಗಿ ಬಿಳಿ ಫಲಕ ಬರಬೇಕು. ಬಸ್ಸಿನ ಬೆಲೆಯನ್ನಷ್ಟೇ ನೋಡಿದವರಿಗೆ ಈ ಖರ್ಚು ಅನಿರೀಕ್ಷಿತವಾಗಿ ಎದುರಾಗುತ್ತದೆ, ಆದ್ದರಿಂದ ಮುಂಗಡ ಕೊಡುವ ಮೊದಲೇ ತಮ್ಮ ಆರ್.ಟಿ.ಒ. ಕಚೇರಿಯಲ್ಲಿ ಲೆಕ್ಕ ಕೇಳಿಕೊಂಡು ಬರುವುದು ಒಳ್ಳೆಯದು. ಚಾಲನಾ ಪರವಾನಗಿಯ ವಿಷಯದಲ್ಲಿ ಮಾತ್ರ ನಿರಾಳ: ಆರ್.ಸಿ.ಯಲ್ಲಿ ನಮೂದಾದ ಒಟ್ಟು ತೂಕ 7,500 ಕಿಲೋಗ್ರಾಂ ಒಳಗಿದ್ದುದರಿಂದ ಇದು ಲಘು ಮೋಟಾರು ವಾಹನ. ಅಂಥ ತೂಕದ ಸಾರಿಗೆ ವಾಹನವನ್ನೂ ಸಾಮಾನ್ಯ ಲಘು ವಾಹನ ಪರವಾನಗಿ ಇರುವವರು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಇದಕ್ಕಿಂತ ದೊಡ್ಡ ಬಸ್ಸಾದರೆ ಮಾತು ಬೇರೆ.

ಮನೆಗೆ ತಂದ ದಾರಿ ಬಿ.ಸಿ. ರೋಡು, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ. ಎಲ್ಲ ಸೇರಿ ಸುಮಾರು 170 ಕಿಲೋಮೀಟರು. ನನ್ನ ತಮ್ಮ ಬಸ್ಸು ಓಡಿಸಿದ, ಮೇಸ್ತ್ರಿ ಪಕ್ಕದಲ್ಲಿ ಕುಳಿತರು, ಉಳಿದವರೆಲ್ಲ ಹಿಂದೆ ಕಾರಿನಲ್ಲಿ. ಮಕ್ಕಳು ಬಸ್ಸಿನಲ್ಲೇ ಬರುತ್ತೇವೆಂದು ಅತ್ತರೂ, ಬ್ರೇಕಿನ ಕೆಲಸ ಮಾಡಿಸಿ ಇನ್ನೂ ಪರೀಕ್ಷೆಯಾಗದ ಬಸ್ಸಿನಲ್ಲಿ ಘಾಟಿ ದಾಟುವವರೆಗೆ ಯಾರನ್ನೂ ಕೂರಿಸುವುದಿಲ್ಲವೆಂದು ತಂದೆಯವರು ಹೇಳಿದ್ದು ಸರಿಯಾಗಿತ್ತು. ಶಾಲಾ ಬಸ್ಸಿಗೆ ವೇಗ ನಿಯಂತ್ರಕ ಇರಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮ ಅದರ ಮಿತಿಯನ್ನು ಗಂಟೆಗೆ 60 ಕಿಲೋಮೀಟರು ಎಂದು ಹೇಳಿದರೂ, 1997ರಲ್ಲಿ ಸುಪ್ರೀಂ ಕೋರ್ಟು ಹೇಳಿದ 40ರ ಮಿತಿಯನ್ನೇ ಈ ಬಸ್ಸಿಗೆ ಕಟ್ಟಿದ್ದರು. ಹೆದ್ದಾರಿಯಲ್ಲಿ ಆ ವೇಗದಲ್ಲಿ ಹೋಗುವುದೆಂದರೆ ಗ್ಯಾಸ್ ಟ್ಯಾಂಕರುಗಳೂ ಹಾರ್ನು ಬಾರಿಸಿ ಹಿಂದಿಕ್ಕಿ ಹೋಗುವುದನ್ನು ನೋಡುತ್ತಾ ಕೂರುವುದು. ಅದರ ತಂತಿಯನ್ನು ಕತ್ತರಿಸಿಕೊಡುತ್ತೇನೆಂದು ಯಾರ್ಡಿನ ಹುಡುಗನೊಬ್ಬ ಮುಂದೆ ಬಂದಿದ್ದ, ಬೇಡವೆಂದೆವು. ವರ್ಗ ಬದಲಾಗುವವರೆಗೆ ಅದು ಇರಬೇಕಾದದ್ದು ನಿಯಮ, ಇದ್ದುದರಿಂದ ಅಂದು ಒಳ್ಳೆಯದೇ ಆಯಿತು.

ನೆಲ್ಯಾಡಿಯವರೆಗೆ ಯಾವ ತಕರಾರೂ ಇರಲಿಲ್ಲ. ಗುಂಡ್ಯ ದಾಟಿ ಏರು ಆರಂಭವಾದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಹೋಸುಗಳನ್ನೂ ಫ್ಯಾನ್ ಬೆಲ್ಟನ್ನೂ ಮಂಗಳೂರಿನಲ್ಲೇ ಬದಲಾಯಿಸಿದ್ದೆವು, ರೇಡಿಯೇಟರು ಹೊರಗಿನಿಂದ ಶುಭ್ರವಾಗಿತ್ತು. ಒಳಗಿನ ಕೊಳವೆಗಳಲ್ಲಿ ವರ್ಷಗಟ್ಟಲೆ ನಿಂತ ನೀರಿನ ಕಿಟ್ಟ ಕಟ್ಟಿದ್ದು ಸಮತಟ್ಟಾದ ರಸ್ತೆಯಲ್ಲಿ ಗೊತ್ತಾಗುವಂಥದ್ದೇ ಅಲ್ಲ. ನಿಂತು ಹಳತಾದ ಬಸ್ಸಿನ ರೋಗ ಇಳಿಜಾರಿನಲ್ಲಿ ಬ್ರೇಕಿನಿಂದಲೂ ಏರಿನಲ್ಲಿ ರೇಡಿಯೇಟರಿನಿಂದಲೂ ಹೊರಬೀಳುತ್ತದೆ ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು, ಅದಕ್ಕಾಗಿಯೇ ನೀರಿನ ಕ್ಯಾನುಗಳನ್ನು ತುಂಬಿಸಿಟ್ಟಿದ್ದರು. ಅಗಲವಾದ ಜಾಗಗಳಲ್ಲಿ ನಿಲ್ಲಿಸಿ, ಎಂಜಿನ್ನನ್ನು ತಕ್ಷಣ ಆರಿಸದೆ ಸ್ವಲ್ಪ ಹೊತ್ತು ನಿಧಾನಗತಿಯಲ್ಲಿ ಓಡಲು ಬಿಟ್ಟು, ಮುಚ್ಚಳವನ್ನು ಪೂರ್ತಿ ತಣ್ಣಗಾದ ಮೇಲೆಯೇ ತೆರೆದು ನೀರು ತುಂಬಿ, ಎರಡನೆಯ ಗೇರಿನಲ್ಲಿ ಏರಿದರು. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದ್ದರಿಂದ ಈ ಘಾಟಿಯಲ್ಲಿ ಗುಂಡಿಗಳ ಕಾಟ ಮೊದಲಿನಷ್ಟಿಲ್ಲ. ಹಳೆಯ ರಸ್ತೆಯಾಗಿದ್ದರೆ ಸ್ಪ್ರಿಂಗಿನ ಪಟ್ಟಿಗಳೂ ಅಂದೇ ಪರೀಕ್ಷೆಗೆ ಒಳಗಾಗುತ್ತಿದ್ದವು. ಮಾರನಹಳ್ಳಿ, ದೋಣಿಗಲ್ ದಾಟಿ ಸಕಲೇಶಪುರ ತಲುಪಿದಾಗ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಅಲ್ಲಿ ಊಟ ಮುಗಿಸಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿದೆವು. ಬಾಳ್ಳುಪೇಟೆ ಬರುವಷ್ಟರಲ್ಲಿ ಪ್ರತಿಯೊಬ್ಬರೂ ಎಲ್ಲ ಸೀಟುಗಳಲ್ಲಿ ಒಮ್ಮೆ ಕುಳಿತು ನೋಡಿದ್ದರು.

ಆ ಸೀಟುಗಳ ವಿಷಯಕ್ಕೆ ಬಂದರೆ, ಶಾಲಾ ಬಸ್ಸನ್ನು ಕುಟುಂಬಕ್ಕೆ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ, ಆದರೆ ಯಾರೂ ನೋಡುವುದಿಲ್ಲ. ಶಾಲಾ ಬಸ್ಸುಗಳಿಗೆ ಎ.ಐ.ಎಸ್. 063 ಎಂಬ ಪ್ರತ್ಯೇಕ ಮಾನದಂಡವಿದೆ. ಸೀಟಿನ ಅಳತೆ, ನಡುವಿನ ಅಂತರ ಎಲ್ಲವೂ ಮಕ್ಕಳಿಗೆ ತಕ್ಕಂತೆ ಇರುತ್ತವೆ. ವಯಸ್ಕರು ಕುಳಿತರೆ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ, ಸೀಟಿನ ಬೆನ್ನು ಭುಜದವರೆಗೂ ಬರುವುದಿಲ್ಲ. ಸಕಲೇಶಪುರದಿಂದ ಮನೆಗೆ ಬರುವಷ್ಟರಲ್ಲೇ ನನ್ನ ಅತ್ತಿಗೆಯವರು ಇದರಲ್ಲಿ ಧರ್ಮಸ್ಥಳದವರೆಗೆ ಹೋಗಲಾಗದೆಂದು ತೀರ್ಪು ಕೊಟ್ಟರು. ಕಿಟಕಿಗಳ ಅಡ್ಡ ಸರಳುಗಳು ಮಕ್ಕಳಿರುವ ಮನೆಗೆ ಅನುಕೂಲವೇ. ಆದರೆ ಸರಳಿರುವ ಬಸ್ಸಿನಲ್ಲಿ ಹಿಂಭಾಗದ ತುರ್ತು ಬಾಗಿಲು ಒಳಗಿನಿಂದಲೂ ಹೊರಗಿನಿಂದಲೂ ಸಲೀಸಾಗಿ ತೆರೆಯುತ್ತದೆಯೇ ಎಂದು ನೋಡದೆ ಕೊಳ್ಳಬಾರದು. ನಮ್ಮದರ ಹಿಡಿಕೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಎಫ್.ಸಿ.ಗೆ ಮೊದಲು ಅದನ್ನು ಬದಲಾಯಿಸಿಕೊಟ್ಟರು.

ಖರ್ಚಿನ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಬಸ್ಸಿಗೆ ನಾಲ್ಕು ಲಕ್ಷ ರೂಪಾಯಿಯೊಳಗೆ ಕೊಟ್ಟೆವು. ಟೈರು, ಬ್ರೇಕು, ಬ್ಯಾಟರಿ, ಹೋಸುಗಳು, ಮನೆಗೆ ಬಂದ ಮೇಲೆ ರೇಡಿಯೇಟರಿನ ಹೊಸ ಕೋರ್, ಫ್ಲೋರಿನ ಹಲಗೆ ಇವೆಲ್ಲಕ್ಕೆ ಅದರ ಮೂರನೆಯ ಒಂದು ಭಾಗದಷ್ಟು ಮತ್ತೆ ಹೋಯಿತು, ವರ್ಗ ಬದಲಾವಣೆಯ ತೆರಿಗೆ ಅದರ ಮೇಲೆ. ಹೆಚ್ಚು ಓಡಿದ ಪ್ರವಾಸಿ ಬಸ್ಸೊಂದು ಇದೇ ಒಟ್ಟು ಮೊತ್ತಕ್ಕೆ ಬೇರೊಂದು ಕಡೆ ಸಿಗುತ್ತಿತ್ತು, ಅದರ ಸೀಟುಗಳೂ ಇದಕ್ಕಿಂತ ಚೆನ್ನಾಗಿದ್ದವು. ಹೋಲಿಸಿ ನೋಡಿದರೆ ನಮ್ಮ ಬಸ್ಸಿನ ಪರವಾಗಿ ಉಳಿಯುವುದು ಸವೆಯದ ಎಂಜಿನ್ನು, ಗಟ್ಟಿಯಾದ ಚಾಸಿ ಮತ್ತು ಒಬ್ಬರೇ ಮಾಲೀಕರಿದ್ದುದರಿಂದ ಸರಿಯಾಗಿದ್ದ ಕಾಗದಪತ್ರ. ಮುಂದಿನ ಖರ್ಚಿನಲ್ಲಿ ವಯಸ್ಸೂ ಒಂದು ಬಾಬತ್ತು: ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆಯ ವಾಹನಗಳ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಬಹಳವಾಗಿ ಏರಿಸಿದೆ, ಅನಂತರವೂ ಪರಿಷ್ಕರಿಸಿದೆ, ಆದ್ದರಿಂದ ಕೊಳ್ಳುವ ದಿನದ ದರವನ್ನೇ ನೋಡಬೇಕು.

ಸೀಟುಗಳನ್ನು ತೆಗೆದು 15 ದೊಡ್ಡ ಸೀಟುಗಳನ್ನು ಹಾಕಿಸುವ ಕೆಲಸಕ್ಕೆ ಈಗ ಅನುಮತಿ ಕೇಳಿದ್ದೇವೆ, ಆರ್.ಸಿ.ಯಲ್ಲಿ ನಮೂದಾಗದೆ ಸೀಟಿನ ಸಂಖ್ಯೆಯನ್ನಾಗಲಿ ಬಣ್ಣವನ್ನಾಗಲಿ ಬದಲಾಯಿಸುವಂತಿಲ್ಲ. ಶಾಲೆಯ ಹೆಸರನ್ನು ಯಾರ್ಡಿನವರೇ ಅಳಿಸಿ ಕೊಟ್ಟಿದ್ದರು, ಹಳದಿ ಮಾತ್ರ ಉಳಿದಿದೆ. ಹಾಗಾಗಿ ಬೆಳಿಗ್ಗೆ ಹೊತ್ತು ಊರಿನ ರಸ್ತೆಯಲ್ಲಿ ಹೋದರೆ ಚೀಲ ಹೊತ್ತ ಮಕ್ಕಳು ಕೈ ಅಡ್ಡ ಹಿಡಿಯುತ್ತಾರೆ. ಬದಲಿಗೆ ಯಾವ ಬಣ್ಣ ಎಂಬುದರ ಬಗ್ಗೆ ಮನೆಯಲ್ಲಿ ಒಮ್ಮತ ಮೂಡಿಲ್ಲ, ಅರ್ಜಿಯಲ್ಲಿ ಆ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.